ಎದೆಯ ಬೈಪಾಸೋ, ರಸ್ತೆಯ ಬೈಪಾಸೋ?

ಹೋದ ತಿಂಗಳು ಹಾವೇರಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ, 'ಬಾಜೂ ಮನಿ ಕಾಕಾಗ ಬೈಪಾಸ್ ಆತು' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಅಯ್ಯ ಶಿವನ! ಲಾರಿನೋ, ಬಸ್ಸೋ?'

'ಎದೀದ ಬೇ, ಆಪರೇಷನ್!'

ನಗು ಬಂತು. ಆದ್ರೆ ಅವ್ವನದು ತಪ್ಪಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ಬೈಪಾಸ್ ಅಂದ್ರೆ ಮೊದಲು ನೆನಪಾಗೋದು ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರ್ ರಸ್ತೆ. ಪುಣೆ ಕಡೆಗೂ ಅಗಲ, ಬೆಂಗಳೂರು ಕಡೆಗೂ ಅಗಲ, ನಡುವೆ ಇದೊಂದು ಮಾತ್ರ ವರ್ಷಗಟ್ಟಲೆ ಎರಡೇ ಲೇನ್ ಇತ್ತು. 2021ರ ಸಂಕ್ರಾಂತಿಯ ಮರುದಿನ ಇಟಿಗಟ್ಟಿ ಹತ್ತಿರ ಆದ ಅಪಘಾತವನ್ನು ಇಲ್ಲಿ ಯಾರೂ ಮರೆತಿಲ್ಲ. ದಾವಣಗೆರೆಯಿಂದ ಗೋವಾಕ್ಕೆ ಹೊರಟ ಗೆಳತಿಯರು ಆವತ್ತು ಊರು ಮುಟ್ಟಲಿಲ್ಲ. ಒಬ್ಬ ಡ್ರೈವರ್ ನನಗೆ ಹೇಳಿದ್ದ: 'ಬೈಪಾಸ್ ಅಂದ್ರ ಮತ್ತೇನ್ರಿ ಸರ, ಒಬ್ರಿಗೊಬ್ರು ಬೈಕೋಂತ ಪಾಸ್ ಆಗೂದು.'

ಇಂಗ್ಲಿಷಿನಲ್ಲಿ ಈ ಪದದ ಆಟ ಚೆಂದ. 'ಪಾಸ್ ಬೈ' ಅಂದ್ರೆ ಪಕ್ಕದಲ್ಲೇ ಹಾದು ಹೋಗೋದು. ತಿರುವಿ 'ಬೈಪಾಸ್' ಅಂದ್ರೆ ಒಳಗೆ ಹೋಗದೆ ಬಳಸಿ ಹೋಗೋದು. ನಮ್ಮ 'ಬಳಸು' ಏನು ಕಮ್ಮಿ? ಸೋಪನ್ನೂ ಬಳಸ್ತೀವಿ, ಗುಡ್ಡವನ್ನೂ ಬಳಸ್ತೀವಿ.

ಕಾಕಾನ ಎದೆಯಲ್ಲಿ ಆಗಿದ್ದೂ ಇದೇ. ಹೃದಯದ ರಕ್ತನಾಳದ ಅಡಚಣೆಯನ್ನು ಕಿತ್ತು ತೆಗೀತಾರೆ ಅಂತ ನಾನು ತಿಳಿದಿದ್ದೆ. ಅಲ್ಲವಂತೆ, ಅದು ಅಲ್ಲೇ ಇರುತ್ತೆ. ಕಾಕಾನ ಕಾಲಿನ ರಕ್ತನಾಳದ ತುಂಡು ತೆಗೆದು ಆ ಅಡಚಣೆಯನ್ನು ದಾಟುವ ಹಾಗೆ ಹೊಸ ದಾರಿ ಜೋಡಿಸಿದ್ದಾರೆ. ಅಂಗಿ ಗುಂಡಿ ಬಿಚ್ಚಿ ಎದೆ ತೋರಿಸೋದಕ್ಕಿಂತ ಲುಂಗಿ ಎತ್ತಿ ಪಿಂಡರಿ ಮೇಲಿನ ಹೊಲಿಗೆ ತೋರಿಸೋದರಲ್ಲೇ ಕಾಕಾಗೆ ಉಮೇದಿ ಜಾಸ್ತಿ. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸೋದಕ್ಕೂ ಬೈಪಾಸ್ ಅಂತಲೇ ಹೆಸರು. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಇಂಥ ಯಂತ್ರ ಹಚ್ಚಿ ಮೊದಲ ಸಲ ಗೆದ್ದರು. ಅಂದ್ರೆ ಬೈಪಾಸಿನೊಳಗೆ ಇನ್ನೊಂದು ಬೈಪಾಸ್!

ಆಫೀಸಿನ ಬೈಪಾಸ್, ಅಂದ್ರೆ ಸಾಹೇಬರನ್ನು ಬಿಟ್ಟು ಅವರ ಮೇಲಿನವರ ಹತ್ತಿರ ಹೋಗೋದು, ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಎಲೆಕ್ಟ್ರಿಷಿಯನ್‌ದು ಬೇರೆ. ಸ್ಟೆಬಿಲೈಜರ್ ಕೆಟ್ಟಾಗ 'ಬೈಪಾಸ್ ಮಾಡೇನ್ರಿ, ಆರಾಮ ನಡೀತೈತಿ' ಅಂದು ಹೋದ. ನಾಲ್ಕು ದಿನಕ್ಕೆ ಫ್ರಿಜ್ಜು ಸುಟ್ಟಿತು. ದಾರಿಯಲ್ಲಿ ಅಡ್ಡ ನಿಂತದ್ದೆಲ್ಲ ಅಡಚಣೆಯಲ್ಲ, ಕೆಲವು ಕಾವಲಿಗೂ ಇರುತ್ತವೆ. ಅದು ಅವನಿಗೆ ಯಾಕೆ ತಿಳೀಲಿಲ್ಲವೋ!

ನನ್ನ ನಿಜವಾದ ಸಿಟ್ಟು ರಾತ್ರಿ ಬಸ್ಸಿನ ಮೇಲೆ. 'ಹಾವೇರಿ ಒಳಗ ಹೋಗಂಗಿಲ್ರಿ, ಬೈಪಾಸಿಗೆ ಇಳೀರಿ' ಅಂತಾರೆ. ಟಿಕೆಟ್ ಮಾತ್ರ ಹಾವೇರಿಯದು. ಬೈಪಾಸಿನಿಂದ ಊರು ಉಳೀತು ಅಂತಾರೆ, ಊರಿಗೆ ಬಂದವರು ಮಾತ್ರ ನಡುರಾತ್ರಿ ಚೀಲ ಹೊತ್ತು ಕತ್ತಲೆಯಲ್ಲಿ ಆಟೋ ಹುಡುಕಬೇಕು.

ಮೊನ್ನೆಯೂ ಹಾಗೇ ಇಳಿಸಿ ಹೋದರು. ಅವ್ವನಿಗೆ ಫೋನ್ ಹಚ್ಚಿ, 'ಬೈಪಾಸಿನ್ಯಾಗ ಅದೀನಿ' ಅಂದೆ.

'ಯಾವುದು?' ಅಂದಳು.