ಆಕ್ಸಿಜನ್ ಘಟಕ ಕೂತರೆ ಸಾಲದು, ಓಡಬೇಕು
2021ರ ಕೋವಿಡ್ ಎರಡನೇ ಅಲೆಯ ನಂತರ ಸರ್ಕಾರಿ ಆಸ್ಪತ್ರೆಗಳಿಗೆ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಆಕ್ಸಿಜನ್ ಘಟಕ ಬಂದಿವೆ, ಇನ್ನು ಭಯವಿಲ್ಲ ಎನ್ನುವವರಿದ್ದಾರೆ. ಬಂದಿವೆ, ನಿಜ. ಆದರೆ ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಿದರೆ ಗಾಳಿಯ ಸಾರಜನಕ ಹಿಡಿದಿಡುವ ಒಳಗಿನ ಜಿಯೋಲೈಟ್ ಕಾಳು ತೇವ ಹೀರಿ ಕೆಡುತ್ತದೆ. ಕಂಪ್ರೆಸರ್ ಎಣ್ಣೆ ಫಿಲ್ಟರ್ ದಾಟಿದರೂ ಅದೇ ಗತಿ. ಶುದ್ಧತೆ 90%ಗಿಂತ ಇಳಿದರೆ ವಾರ್ಡಿನ ಪೈಪಿಗೆ ಬಿಡುವಂತಿಲ್ಲ. ವಾರಕ್ಕೊಮ್ಮೆಯಾದರೂ ಲೋಡ್ ಕೊಟ್ಟು ಓಡಿಸಿ, ಮೀಟರ್ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಕರೆಂಟ್ ಹೋದರೆ ಘಟಕವೂ ನಿಲ್ಲುತ್ತದೆ, ಬರೀ ಐಸಿಯು ಲೆಕ್ಕದಲ್ಲಿ ತಂದ ಜನರೇಟರ್ ಸಾಲದು.

ಇನ್ನು ಗಾತ್ರ. ನಿಮಿಷಕ್ಕೆ 500 ಲೀಟರ್ ಕೊಡುವ ಘಟಕ ಎಂದರೆ ಕೇಳಲು ದೊಡ್ಡದು. ತಲೆಗೆ 10 ಲೀಟರ್ ಆದರೆ 50 ಮಂದಿಗೆ ಸಾಕು, 60 ಲೀಟರ್ ಎಳೆಯುವ, ಮೂಗಿನ ನಳಿಕೆಯಿಂದ ಜೋರಾಗಿ ಆಕ್ಸಿಜನ್ ಕೊಡುವ ಎಚ್‌ಎಫ್‌ಎನ್‌ಸಿ ಹಾಕಿದರೆ ಎಂಟೇ ಮಂದಿಗೆ. ನಿಮಿಷಕ್ಕೆ 60 ಲೀಟರಿನ ಅದೇ ವೇಗದಲ್ಲಿ ಒಬ್ಬ ರೋಗಿಗೆ 7,000 ಲೀಟರಿನ ಜಂಬೋ ಸಿಲಿಂಡರ್ ಎರಡು ಗಂಟೆಯೂ ಬಾರದು. ಈ ಲೆಕ್ಕ ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿರಬೇಕು, ಕಡತದಲ್ಲಲ್ಲ.