ಸತ್ಯಾಂಶ: ಹದಿಹರೆಯದವರು ಆಘಾತವನ್ನು ತಾವಾಗಿಯೇ ಮರೆತುಬಿಡುತ್ತಾರೆಯೇ?

‘ಹದಿಹರೆಯದವರು ಎಂಥ ಆಘಾತವನ್ನೂ ಕೆಲವೇ ತಿಂಗಳಲ್ಲಿ ಮರೆಯುತ್ತಾರೆ, ಮರೆಯದವರಿಗೆ ಮನೋಬಲ ಇಲ್ಲ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮೊದಲ ಭಾಗದಲ್ಲಿ ತುಸು ನಿಜವಿದೆ: ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಎರಡನೆಯದು ತಪ್ಪು, ಕ್ರೂರ ಕೂಡ.

ನೇಪಾಳವನ್ನೇ ನೋಡಿ. 1996ರಿಂದ 2006ರವರೆಗಿನ ಅಂತರ್ಯುದ್ಧದಲ್ಲಿ ಸಾವಿರಾರು ಮಕ್ಕಳು ಮಾವೋವಾದಿಗಳ ದಳಗಳಲ್ಲಿದ್ದರು. ಮನೆಗೆ ಮರಳಿದ ಮೇಲೆ ಅವರ ಗತಿ ಏನಾಯಿತು ಎಂದು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅನುಭವಿಸಿದ ಹಿಂಸೆಯಷ್ಟೇ ಅಲ್ಲ, ಊರು ಅವರನ್ನು ಹೇಗೆ ಬರಮಾಡಿಕೊಂಡಿತು ಎಂಬುದೂ ಲೆಕ್ಕಕ್ಕೆ ಬಂತು. ಹುಡುಗಿಯರ ಪಾಡು ಇನ್ನೂ ಕಷ್ಟ. ‘ಕೆಟ್ಟುಹೋದವಳು’ ಎಂಬ ಗುಸುಗುಸು ಅವರ ಬೆನ್ನು ಬಿಡಲಿಲ್ಲ.

ದೇಹದ ಕಥೆ ಬೇರೆಯಲ್ಲ. ಅಪಾಯ ಕಳೆದರೂ ಒತ್ತಡದ ವ್ಯವಸ್ಥೆ ಎಚ್ಚರವಾಗಿಯೇ ಉಳಿದರೆ ನಿದ್ದೆ ಕೆಡುತ್ತದೆ, ಸಣ್ಣ ಸದ್ದಿಗೂ ಎದೆ ಢವಗುಟ್ಟುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಅದನ್ನು ನಾವು ‘ಸೋಮಾರಿತನ’ ಅನ್ನುತ್ತೇವೆ! ಇದೇ ನೇಪಾಳಿ ಯುವಕ ಯುವತಿಯರ ರಕ್ತಕಣಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಘಾತೋತ್ತರ ಒತ್ತಡದ ಲಕ್ಷಣವಿದ್ದವರಲ್ಲಿ ಉರಿಯೂತಕ್ಕೆ (ಗಾಯ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ) ಸಂಬಂಧಿಸಿದ ಜೀನ್‌ಗಳ ಚಟುವಟಿಕೆ ಹೆಚ್ಚಿತ್ತು. ಆದರೆ ಒಳಗಿನ ತಾಳಿಕೆ ಗಟ್ಟಿಯಿದ್ದವರಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಈ ತಾಳಿಕೆಗೂ ಸುತ್ತಲಿನವರ ಆಸರೆಗೂ ನಂಟಿದೆ.

ಹಾಗೆಂದು ‘ಏನಾಯ್ತು ಹೇಳು’ ಎಂದು ಕೆದಕುವುದೂ ಬೇಡ. ಹೊತ್ತಿಗೆ ಊಟ, ಶಾಲೆ, ಗೆಳೆಯರು, ನಂಬುವ ಒಬ್ಬ ಹಿರಿಯರು ಇರಲಿ. ತಿಂಗಳು ಕಳೆದರೂ ದುಃಸ್ವಪ್ನ, ದಿಗಿಲು ತಗ್ಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ.