ಸ್ಪಷ್ಟನೆ: ಡಬ್ಬಿ ಮೇಲಿನ 5000 ವ್ಯಾಟ್ ನಂಬಬೇಡಿ

ನಮ್ಮ ಬಳ್ಳಾರಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಕಮ್ಮಿ ದುಡ್ಡಿಗೆ ಹೋಂ ಥಿಯೇಟರ್ ರಿಸೀವರ್ ಬೇಕಾ? ಡಬ್ಬಿ ಮೇಲೆ 5000 ವ್ಯಾಟ್ ಇದ್ದದ್ದೇ ತಗೊಳ್ಳಿ.' ಇದು ತಪ್ಪು. (ರಿಸೀವರ್ ಅಂದರೆ ಟಿವಿ, ಪ್ಲೇಯರ್‌ಗಳ ಶಬ್ದವನ್ನು ಜೋರು ಮಾಡಿ ಸ್ಪೀಕರುಗಳಿಗೆ ಕಳಿಸುವ ಪೆಟ್ಟಿಗೆ.)

ಆ 5000ದ ಪಕ್ಕ ಸಣ್ಣಕ್ಷರದಲ್ಲಿ ಪಿಎಂಪಿಒ ಅಂತ ಇರುತ್ತದೆ, ಅಂದರೆ ಕ್ಷಣಮಾತ್ರಕ್ಕೆ ಬರಬಹುದಾದ ಗರಿಷ್ಠ ಶಕ್ತಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದವರದ್ದೇ ಲೆಕ್ಕ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದು ಕಾಣದಿದ್ದರೆ ರಿಸೀವರ್ ತಿರುಗಿಸಿ, ಹಿಂದೆ ಅಂಟಿಸಿದ ಚೀಟಿ ಓದಿ. 230 ವೋಲ್ಟ್, 120 ವ್ಯಾಟ್ ಅಂತಿದ್ದರೆ ಪ್ಲಗ್ಗಿನಿಂದ ಎಳೆಯೋದೇ ಸುಮಾರು ಅಷ್ಟು. ಸ್ಪೀಕರಿಗೆ 5000 ಎಲ್ಲಿಂದ ಬರಬೇಕು? (ನಾನೂ ಒಮ್ಮೆ ಇದಕ್ಕೆ ಬಿದ್ದವನೇ ಬಿಡಿ.)

ವ್ಯಾಟ್ ಎರಡು ಪಟ್ಟಾದರೂ ಶಬ್ದ ಏರೋದು 3 ಡೆಸಿಬಲ್ ಮಾತ್ರ. ಕಿವಿಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ, ಅಷ್ಟೇ. ಅದರ ಬದಲು ಎಚ್‌ಡಿಎಂಐ ಎಆರ್‌ಸಿ (ಟಿವಿಯ ಶಬ್ದವನ್ನು ಅದೇ ಎಚ್‌ಡಿಎಂಐ ಕೇಬಲ್ಲಿನಲ್ಲಿ ರಿಸೀವರಿಗೆ ತರುವ ಸೌಲಭ್ಯ) ಇದೆಯಾ ಅಂತ ಅಂಗಡಿಯಲ್ಲೇ ಕೇಳಿ.